ಅಳಿಸಿದ್ದು

ಸಂತೆಕಟ್ಟೆಯಲ್ಲಿ ನನ್ನದೊಂದು ಸ್ಟುಡಿಯೋ.
ಪಾಸ್‌ಪೋರ್ಟಿಗೆ ಎಂಟು ಪ್ರತಿ, ಮದುವೆಗೆ ಎರಡು ಆಲ್ಬಮ್ಮು,
ಬೊಜ್ಜದ ಮುನ್ನಾದಿನ ತುರ್ತಾಗಿ
ಗುಂಪಿನಿಂದ ಒಂದೇ ಮುಖ ಕತ್ತರಿಸಿ, ದೊಡ್ಡದು ಮಾಡಿ,
ಹಿಂದೆ ನೀಲಿ ಆಕಾಶ ಹಾಕಿ ಕೊಡುವ ಕೆಲಸ.
ಇಪ್ಪತ್ತಾರು ವರ್ಷ
ಗದ್ದ ಸ್ವಲ್ಪ ಮೇಲೆ, ಕಣ್ಣು ಇಲ್ಲಿ, ಉಸಿರು ಹಿಡಿಯಿರಿ
ಎಂದಿದ್ದೇನೆ. ಹಿಡಿದಿದ್ದಾರೆ.

ಕಪ್ಪು ಗುಪ್ಪಿಗೆ ಯಾರು ಹೇಳುವುದು?

ಮೂರು ಮಳೆಗಾಲ ಅದರ ಹಿಂದೆ.
ಕೆಮ್ಮಣ್ಣಿನ ತೂಗುಸೇತುವೆಯ ಕೆಳಗೆ ಒಮ್ಮೆ
ಹೊಳೆ ದಾಟಿದ ಒಂದು ಕಪ್ಪು ಗೆರೆ,
ಕೊರಳ ಪಕ್ಕ ಅರಸಿನ ಒರೆಸಿದಂಥ ಹಳದಿ.
ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ
ಸ್ವರ್ಣೆಯ ಮೇಲೆ ಗಾಳಿ ಮಾತ್ರ.
ಮತ್ತೊಮ್ಮೆ ಕುದ್ರುವಿನ ಆಚೆ, ನಸುಕಿನಲ್ಲಿ;
ಅದು ಗುಪ್ಪಿಯೋ, ದೋಣಿಯಿಂದ ಹಾರಿದ ಪ್ಲಾಸ್ಟಿಕ್ಕೋ
ಇವತ್ತಿಗೂ ಗೊತ್ತಿಲ್ಲ.
ಎಲೆಬಣ್ಣದ ಅಂಗಿ ಹೊಲಿಸಿದೆ. ಸೆಂಟು ಬಿಟ್ಟೆ.
ಕೆಮ್ಮು ಬಂದರೆ ನುಂಗುವುದು ಕಲಿತೆ.
ಹೆಂಡತಿ ಪ್ರಫುಲ್ಲ ಲೆಕ್ಕ ಇಟ್ಟಿದ್ದಾಳೆ:
ಲೆನ್ಸಿನ ಸಾಲದ ಕಂತು ಹದಿನೆಂಟು,
ಹಕ್ಕಿ ಸೊನ್ನೆ.

ಆ ದಿನ ಸೆರಪಿನ್ ಬಾಯಿಯ ದೋಣಿ.
ಅವಳು ಮರುವಾಯಿ ಹೆಕ್ಕಲು, ನಾನು ಗುಪ್ಪಿ ಹೆಕ್ಕಲು.
ಇಳಿತ ಶುರುವಾಗಿತ್ತು.
ಕಾಂಡ್ಲದ ಬೇರುಗಳು ಒಂದೊಂದೇ ಮೊಣಕಾಲು ತೋರಿಸಿ
ಕೆಸರಿನಿಂದ ಎದ್ದು ನಿಂತವು.
ಏಡಿಗಳು ಬಾಗಿಲು ತೆರೆದವು.
ನೈಟಿಯ ಮೇಲೆ ಗಂಡನ ಹಳೇ ಶರ್ಟು ತೊಟ್ಟ ಸೆರಪಿನ್
ಸೊಂಟದವರೆಗೆ ನೀರಿಗಿಳಿದು
ಕಾಲಿನಿಂದಲೇ ಹೊಳೆಯ ತಳ ಓದತೊಡಗಿದಳು.
ಬುಟ್ಟಿಯಲ್ಲಿ ಟಕ್. ಬುಟ್ಟಿಯಲ್ಲಿ ಟಕ್.
ನಾನು ಬೆಳಕು ಸರಿಮಾಡಲೆಂದು
ಎದುರಿನ ಕಾಂಡ್ಲದ ಪೊದೆಯನ್ನೇ ಹೊಡೆದೆ:
ನೆರಳಿಗೆ ಹತ್ತು, ಬಿಸಿಲಿಗೆ ಹತ್ತು,
ಬೇಸರಕ್ಕೆ ನೂರು.

ಹತ್ತೂವರೆಗೆ ಕಾರ್ಡು ತುಂಬಿತು.
ನಿಜವಾದದ್ದು ಬಂದರೆ ಜಾಗ ಬೇಕಲ್ಲ,
ಅಲ್ಲೇ ಕೂತು ಒಂದೊಂದಾಗಿ ಅಳಿಸಿದೆ.
ಬೇರು, ಅಳಿಸು. ಎಲೆ, ಅಳಿಸು.
ಬೇರು ಎಲೆ ನೆರಳು, ಅಳಿಸು.
ಹೆಬ್ಬೆರಳಿಗೆ ಆ ಕೆಲಸದಲ್ಲಿ ಸುಖ ಕೂಡ ಇತ್ತು.

ಬುಟ್ಟಿಯನ್ನು ದೋಣಿಗೇರಿಸುತ್ತ ಸೆರಪಿನ್ ಕೇಳಿದಳು:
"ಚಂದ ಬಂತಾ ಮಾರಾಯ್ರೆ, ಅದರ ಫೋಟೋ?"
ಯಾವುದರದ್ದು?
"ಎಂತದು ಯಾವುದರದ್ದು! ಆ ಕಪ್ಪು ಕೊರ್ಂಗು.
ಬೆಳಿಗ್ಗೆಯಿಂದ ಅಲ್ಲೇ ಇತ್ತಲ್ಲ, ಒಣಗಿದ ಗೆಲ್ಲಿನ ಬಗಲಲ್ಲಿ,
ಕೊಕ್ಕು ಮೇಲೆ ಮಾಡಿ, ಉಸಿರು ಹಿಡಿದು.
ನನ್ನ ರೇಷನ್ ಕಾರ್ಡಿಗೆ ನೀವು ಹೇಗೆ ಕೂರಿಸಿದ್ದಿರಿ,
ಸೇಮ್ ಹಾಗೆ.
ನೀವು ಅದಕ್ಕೇ ಹೊಡೀತಾ ಇದ್ದದ್ದು ಅಂತ
ನಾನು ಆ ಕಡೆ ಬರಲೇ ಇಲ್ಲ.
ಅಲ್ಲಿ ಮರುವಾಯಿ ಜಾಸ್ತಿ, ಗೊತ್ತುಂಟಾ?"

ತಿರುಗಿ ನೋಡಿದೆ.
ಗೆಲ್ಲು ಇತ್ತು. ಗೆಲ್ಲಿನ ಬಗಲಲ್ಲಿ
ಗೆಲ್ಲಿನಷ್ಟೇ ಅಗಲದ ಒಂದು ಜಾಗ ಇತ್ತು.
ಕೆಸರಿನಲ್ಲಿ ಉದ್ದುದ್ದ ಬೆರಳುಗಳ ಗುರುತು,
ನಾಲ್ಕೈದು ಹೆಜ್ಜೆ, ಆಮೇಲೆ ನೀರು.

ಕಾರ್ಡಿನಲ್ಲಿ ಉಳಿದದ್ದು ಒಂದೇ,
ಕೈತಪ್ಪಿ ಒತ್ತಿದ್ದು, ಅಳಿಸಲು ಮರೆತದ್ದು:
ಸೆರಪಿನ್, ನೆತ್ತಿ ಕತ್ತರಿಸಿಹೋಗಿ,
ಶರ್ಟಿನ ತೋಳಿನಿಂದ ಹನಿಯುತ್ತಿದ್ದಾಳೆ.
ಕಣ್ಣು ನೀರಿನ ಮೇಲಿಲ್ಲ, ನನ್ನ ಮೇಲೂ ಇಲ್ಲ.
ಚೌಕಟ್ಟಿನ ಆಚೆ, ಎಡಕ್ಕೆ,
ದಿನಾ ಕಾಣುವ ನೆರೆಯವರನ್ನು ನೋಡಿದ ಹಾಗೆ
ನೋಡುತ್ತಿದ್ದಾಳೆ.

ಅದನ್ನೇ ಸ್ಟುಡಿಯೋದ ಗೋಡೆಗೆ ಹಾಕಿದ್ದೇನೆ.
ಫೋಕಸ್ ಸರಿಯಿಲ್ಲ ಎಂದು ಹುಡುಗ ದಿನಾ ಹೇಳುತ್ತಾನೆ.
ಪಾಸ್‌ಪೋರ್ಟಿಗೆ ಬಂದವರು ಸ್ಟೂಲಿನಲ್ಲಿ ಕೂತು
ಎಲ್ಲಿ ನೋಡುದು ಎಂದು ಕೇಳುತ್ತಾರೆ.
ಅವಳು ನೋಡಿದ ಕಡೆ, ಎಂದು ನಾಲಗೆಯ ತುದಿಗೆ ಬರುತ್ತದೆ.
ಇಲ್ಲಿ, ಎನ್ನುತ್ತೇನೆ.
ಗದ್ದ ಸ್ವಲ್ಪ ಮೇಲೆ.