ನಮ್ಮಂಥವರಿಗೂ

ಹಾಸನದ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ
ರಾತ್ರಿ ಪಾಳಿಯ ನನಗೊಂದು ವಾಕ್ಯ ಕೊಟ್ಟಿದ್ದಾರೆ:
"ಇಲ್ಲಿಗೆ ಬಂದವರಿಗೆಲ್ಲ ಕೇಳ್ತೀವಿ, ನಿಮಗೊಬ್ಬರಿಗೇ ಅಲ್ಲ.
ಹೇಗೂ ರಕ್ತ ತೆಗೀತೀವಿ, ಎಚ್‌ಐವಿಗೂ ಒಂದು ಹನಿ ನೋಡಲಾ?
ಬೇಡ ಅಂದ್ರೆ ಬೇಡ."

ನಾಯಿ ಕಚ್ಚಿಸಿಕೊಂಡವನಿಗೂ ಇದೇ ವಾಕ್ಯ,
ಆಲೂಗಡ್ಡೆ ಮೂಟೆ ಬೆನ್ನ ಮೇಲೆ ಉರುಳಿದ ಹಮಾಲನಿಗೂ.
ಕೆಲವರು ನಗುತ್ತಾರೆ. ಕೆಲವರು ಹೆಂಡತಿಯತ್ತ ನೋಡುತ್ತಾರೆ,
ಹೆಂಡತಿ ಗೋಡೆಯತ್ತ.
ಮೊಸಳೆಹೊಸಹಳ್ಳಿಯ ಒಬ್ಬ ಮುದುಕ ಮಾತ್ರ
"ನೋಡು ಮಗಾ, ಇನ್ನೇನೇನ್ ಐತೋ ಎಲ್ಲಾ ನೋಡ್ಬುಡು" ಎಂದು
ಎರಡೂ ತೋಳು ಚಾಚಿದ್ದ.

ದುದ್ದದ ಅಂಗನವಾಡಿ ಟೀಚರು ದಾಕ್ಷಾಯಿಣಿ
ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದ ರಾತ್ರಿ
ನೋವಿನಲ್ಲೂ ಸೆರಗು ಸರಿಮಾಡಿಕೊಂಡು ಕೇಳಿದರು:
"ನಮ್ಮಂಥವರಿಗೂನಾ ಸಿಸ್ಟರ್?"

ನಾನು ಹಲ್ಲು ಕಾಣದ ಹಾಗೆ ನಕ್ಕೆ.
"ರಕ್ತಕ್ಕೆ ಯಾರ ಪರಿಚಯವೂ ಇಲ್ಲ ಟೀಚರ್."
ತರಬೇತಿಯಲ್ಲಿ ಕಲಿತದ್ದಲ್ಲ, ಆಗ ಬಾಯಿಗೆ ಬಂದದ್ದು.
ಚೆನ್ನಾಗಿದೆ ಅನ್ನಿಸಿ
ಆಮೇಲೆ ನಾಕು ಜನಕ್ಕೆ ಅದನ್ನೇ ಹೇಳಿದೆ.

ಆ ಶುಕ್ರವಾರ ಬೆಳಗಿನ ಜಾವ ಮೂರಕ್ಕೆ
ಹೆದ್ದಾರಿಯಿಂದ ಹೊತ್ತು ತಂದರು ಒಬ್ಬನನ್ನು.
ಹೆಸರಿಲ್ಲ. ಜೇಬಲ್ಲಿ ಬಸ್ಸಿನ ಟಿಕೀಟು, ಎರಡು ಬೀಡಿ.
ನರ ಸಿಕ್ಕಿತು, ಅವನು ಕೊಸರಿದ,
ಸೂಜಿ ಅವನಿಂದ ಹೊರಬಂದು
ನನ್ನ ಕೈಗವಸು ದಾಟಿ ಹೆಬ್ಬೆರಳಿಗೆ.
ಇರುವೆ ಕಚ್ಚಿದಷ್ಟೂ ಇಲ್ಲ.

ನಲ್ಲಿ ಬಿಟ್ಟು ಸೋಪಲ್ಲಿ ತೊಳೆದೆ. ಹಿಂಡಬಾರದು, ಹಿಂಡಲಿಲ್ಲ.
ಬೆರಳು ಬಾಯಿಗೆ ಹೋಗಲು ನೋಡಿತು, ಚಿಕ್ಕಂದಿನ ಅಭ್ಯಾಸ.
ತಡೆದೆ.
ಅವನಿಗೆ ಎಚ್ಚರವಾದ ಮೇಲೆ ಕೇಳೋಣವೆಂದರೆ
ಬೆಳಿಗ್ಗೆ ಮಂಚದ ಮೇಲೆ ಬರೀ ಹಾಸು,
ಕಿತ್ತು ಬಿಸಾಕಿದ ಡ್ರಿಪ್ಪು.

ಡ್ಯೂಟಿ ಡಾಕ್ಟರು ಮೊದಲು ಮಾತ್ರೆ ನುಂಗಿಸಿದರು,
ದಿನಕ್ಕೊಂದು, ಇಪ್ಪತ್ತೆಂಟು ದಿನ;
ಆಮೇಲೆ, "ನಿಮ್ಮದೂ ಒಂದು ಟೆಸ್ಟು" ಎಂದು ಫಾರಂ ಮುಂದಿಟ್ಟರು.
ಪೆನ್ನು ಕೈಯಲ್ಲಿತ್ತು. ಒಳಗೆ ಯಾರೋ ಕೇಳಿದರು,
ದಾಕ್ಷಾಯಿಣಿಯ ದನಿಯಲ್ಲೂ ಅಲ್ಲ, ನನ್ನದೇ ದನಿಯಲ್ಲಿ:
ನಮ್ಮಂಥವರಿಗೂನಾ?

ಮನೆಯಲ್ಲಿ ಅವನ್ನು ಮೆಂತ್ಯದ ಡಬ್ಬಿಯಲ್ಲಿಟ್ಟೆ.
"ಯಾವ ಮಾತ್ರೆಯೇ ವನಮಾಲಾ ಅದು?" ಅತ್ತೆ ಕೇಳಿದರು.
ಕಬ್ಬಿಣದ್ದು, ಅಂದೆ. ಎಷ್ಟು ಸಲೀಸಾಗಿ ಅಂದೆ.
ಎಂಟು ವರ್ಷದಿಂದ ಇಂಥದ್ದೇ ಸುಳ್ಳು ಕೇಳಿದಾಗೆಲ್ಲ
ರಿಜಿಸ್ಟರಿನಲ್ಲಿ ಬರೆದಿದ್ದೇನೆ: ರೋಗಿ ಸಹಕರಿಸುತ್ತಿಲ್ಲ.

ಗಂಡನಿಗೆ ಮಾತ್ರ ಹೇಳಿದೆ. ಅವರು
ತುಂಬಾ ಹೊತ್ತು ಫ್ಯಾನು ನೋಡಿ
"ಊಟ ಆದಮೇಲಾ, ಮುಂಚೆನಾ?" ಎಂದು ಕೇಳಿದರು.
ಮಾರನೆಯ ರಾತ್ರಿಯಿಂದ ಎಂಟಕ್ಕೆ ಅವರ ಮೊಬೈಲಿನಲ್ಲಿ ಅಲಾರಾಂ.
ಒಂದು ಮಾತ್ರೆಯೂ ತಪ್ಪಲಿಲ್ಲ.
ಹಾಸಿಗೆಯಲ್ಲಿ ನಮ್ಮಿಬ್ಬರ ನಡುವೆ ಮೂರು ತಿಂಗಳು ಒಂದು ದಿಂಬು,
ಯಾರಿಟ್ಟದ್ದೆಂದು ಇಬ್ಬರೂ ಕೇಳಲಿಲ್ಲ.

ಇವತ್ತು ಕೊನೆಯ ಟೆಸ್ಟು.
ಲ್ಯಾಬಿನ ತೀರ್ಥಪ್ರಸಾದ, ದಿನಾ ನನ್ನ ಟಿಫಿನ್ನಿಗೆ ಕೈ ಹಾಕುವವನು,
ಇವತ್ತು ಡಬ್ಬಿ ಮುಟ್ಟಿಲ್ಲ.
ಮರ್ಯಾದೆಗಿರಬೇಕು, ಭಯಕ್ಕಲ್ಲ, ಎಂದುಕೊಳ್ಳುತ್ತೇನೆ.
ಕಿಟ್ಟಿನ ಮೇಲೆ ಹನಿ ಬಿಟ್ಟು, ಗಡಿಯಾರ ಒತ್ತಿ,
ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತ.

ಬಿಳಿಯ ಪಟ್ಟಿಯ ಮೇಲೆ ಕೆಂಪು ತೇವ ಹತ್ತುತ್ತಿದೆ.
ಒಂದು ಗೆರೆ ಎಲ್ಲರಿಗೂ ಬರುತ್ತದೆ, ಕಿಟ್ಟು ಸರಿಯಿದೆ ಎನ್ನಲಿಕ್ಕೆ.
ಇನ್ನೊಂದರ ಜಾಗ ಇನ್ನೂ ಖಾಲಿ,
ಆರನೇ ರಾತ್ರಿಯ ಮುಂಚಿನ ಮಗುವಿನ ಹಣೆಯ ಹಾಗೆ.
ಎಷ್ಟು ಜನಕ್ಕೆ ಹೇಳಿದ್ದೇನೋ,
"ಸುಮ್ನೆ ಕೂತ್ಕೊಳ್ಳಿ, ಇಪ್ಪತ್ತೇ ನಿಮಿಷ."

ಬಾಗಿಲಲ್ಲಿ ಒಬ್ಬ ಹುಡುಗ, ಅಂಗೈಗೆ ಟವೆಲ್ಲು ಸುತ್ತಿಕೊಂಡು:
"ಸಿಸ್ಟರ್, ಅದೇನೋ ಟೆಸ್ಟ್ ಮಾಡ್ತಾರಂತಲ್ಲ, ನಂಗೂನಾ?"
ರಕ್ತ, ಪರಿಚಯ, ಆ ಮಾತು ನಾಲಿಗೆಯ ತುದಿಗೆ ಬಂತು.
ನುಂಗಿದೆ.
ಪಕ್ಕದ ಸ್ಟೂಲು ಎಳೆದು, "ಕೂತ್ಕೋ" ಎಂದೆ,
"ನಂದೂ ಇನ್ನೂ ಎಂಟು ನಿಮಿಷ ಇದೆ."