ಮೂವತ್ತೆಂಟು ಬೆರಳು

ಸಾಸಾ ಕಟ್ಟೆಯಿಂದ ದೋಣಿ ಬಿಟ್ಟಾಗ ಆರೂ ಮುಕ್ಕಾಲು.
ನಾವು ನಾಲ್ವರು, ಬಕೆಟ್ಟಿನ ತುಂಬ ಅನ್ನ,
ಎಂಟು ಮೀನು, ಒಂದು ಬಾಟಲಿ ಖಾರದ ವಿನೆಗರ್.
ಬಾಳೆಹಣ್ಣು ಮಾತ್ರ ಯಾರೂ ತಂದಿರಲಿಲ್ಲ.
ಮಾತಾಡಿಕೊಳ್ಳದೆಯೇ ಆದ ಒಪ್ಪಂದ ಅದು.

ವಾರಕ್ಕೆ ಆರು ದಿನ ನಮಗೆ ನೀರೆಂದರೆ
ಮೊಣಕೈವರೆಗೆ.
ಪ್ಯಾಕಿಂಗ್ ಶೆಡ್ಡಿನ ಸಿಮೆಂಟು ತೊಟ್ಟಿ,
ತೇಲಿ ಬರುವ ಹಸಿರು ಚಿಪ್ಪುಗಳು:
ತೊಳೆ, ತಿರುಗಿಸು, ನೋಡು, ತಳ್ಳು.
ಉಗುರಿನ ಸಂದಿಗೆ ಕೂತ ಸೊನೆ
ನನ್ನ ಮದುವೆಯ ದಿನವೂ ಬಿಟ್ಟಿರಲಿಲ್ಲ;
ಫೋಟೋದಲ್ಲಿ ಕೈಯೆರಡೂ ಹೂಗುಚ್ಛದ ಹಿಂದೆ.

ಇವತ್ತು ಅದೇ ಕೈಗಳು ದೋಣಿಯ ಕಂಬಿಯ ಮೇಲೆ
ಸುಮ್ಮನೆ ಬಿದ್ದಿವೆ.
ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯುವಷ್ಟರಲ್ಲಿ
ಸಾಮಾಲ್ ದ್ವೀಪ ಬಂತು.

ಬೆಳಗೆಲ್ಲ ಕಡಲು.
ಲುಜ್ವಿಮಿಂಡಾ ಹೊಸ ಈಜುಡುಗೆ ಕೊಂಡಿದ್ದಾಳೆ,
ಅದರ ಮೇಲೆ ಗಂಡನ ಬಾಸ್ಕೆಟ್‌ಬಾಲ್ ಅಂಗಿ ತೊಟ್ಟಿದ್ದಾಳೆ,
ಅಂಗಿಯೊಳಗೆ ಗಾಳಿ ಹೊಕ್ಕು
ಅಲೆ ಬಂದಾಗಲೆಲ್ಲ ಬೂದುಗುಂಬಳದಂತೆ ಉಬ್ಬುತ್ತಾಳೆ.
ಮೆರ್ಲಿಟಾ, ಐವತ್ತನಾಲ್ಕು, ಮೂವರು ಮೊಮ್ಮಕ್ಕಳು,
ಪಾದ ಮುಳುಗುವಷ್ಟು ನೀರಲ್ಲಿ ನಿಂತು
ಆಳ ಬಹಳವಿದೆ ಎಂದು ನಮ್ಮನ್ನೆಲ್ಲ ಗದರಿಸುತ್ತಾಳೆ.
ಜೊವೆಲಿನ್ ಅಂಗಾತ ತೇಲುತ್ತಾಳೆ, ಕಣ್ಣು ಮುಚ್ಚಿ,
ಬಲಗೈ ಮಾತ್ರ ನೀರಿನಡಿ.

ಊಟವಾದ ಮೇಲೆ ಜಾರುಬಂಡೆ.
ನೀಲಿ ಕೊಳವೆ, ಮೂರು ಮಹಡಿ ಎತ್ತರ,
ಅರವತ್ತೊಂದು ಮೆಟ್ಟಿಲು (ಮೆರ್ಲಿಟಾ ಎಣಿಸಿದ್ದು,
ನಡುವೆ ಎರಡು ಸಲ ಜಪಮಾಲೆ ಮುಟ್ಟಿಕೊಂಡು).
ತುದಿಯಲ್ಲಿ ಸೀಟಿ ಕಚ್ಚಿಕೊಂಡ ಹುಡುಗ:
ಕೈ ಎದೆಗೆ, ಕಾಲು ಜೋಡಿಸಿ, ಹೂಂ, ಹೋಗಿ ಅಜ್ಜಿ!

ಹೋದಳು.
ಕೊಳವೆಯೊಳಗಿಂದ ಸಂತರ ಹೆಸರು ಒಂದೊಂದಾಗಿ ಕೇಳಿಸಿತು,
ಕೊನೆಗೆ ಸಂತರು ಮುಗಿದು ಬರೀ ಕೂಗು,
ಆಮೇಲೆ ಧೊಪ್ಪ್.

ಕೆಳಗೆ ಕೊಳದಲ್ಲಿ ಲುಜ್ವಿಮಿಂಡಾ ನಿಂತಿದ್ದಳು,
ಸೊಂಟಕ್ಕೆ ಕೈಯಿಟ್ಟು, ಥೇಟ್ ನಮ್ಮ ಮೇಸ್ತ್ರಿಯಂತೆ.
ಮೆರ್ಲಿಟಾಳನ್ನು ಹಿಡಿದು, ತಿರುಗಿಸಿ, ಬೆನ್ನು ನೋಡಿ,
ಕಲೆ ಇದೆ, ಆದರೂ ರಫ್ತು! ಎಂದಳು.
ನಾನು ಜಾರಿ ಬಂದೆ,
ಮೂಗಿನ ತುಂಬ ನೀರು, ಕಿವಿಯಲ್ಲಿ ಗುಡುಗು.
ತೂಕ ಜಾಸ್ತಿ, ರಫ್ತು!

ಆಮೇಲೆ ಜೊವೆಲಿನ್ ಬಂದಳು.
ಲುಜ್ವಿಮಿಂಡಾ ಬಾಯಿ ತೆರೆದು, ತಡೆದು ನಿಂತಳು.
ನಮ್ಮ ಶೆಡ್ಡಿನಲ್ಲಿ ಚಿಪ್ಪಿಗೆ ಕೈ ಎನ್ನುತ್ತೇವೆ,
ಒಂದೊಂದು ಕಾಯಿಗೆ ಬೆರಳು.
ಬೆರಳು ಕಡಿಮೆಯಾದ ಕೈ ಪೆಟ್ಟಿಗೆಗೆ ಹೋಗುವುದಿಲ್ಲ.
ಹೋದ ವರ್ಷ ಮಾರ್ಚಿಯಲ್ಲಿ,
ರಾತ್ರಿ ಪಾಳಿಯ ಕೊನೆಯ ಗಂಟೆ, ಬಾಗಿದ ಕತ್ತಿ,
ಅವಳ ಎರಡು ಬೆರಳು ತೊಟ್ಟಿಯ ನೀರಿಗೆ ಬಿದ್ದವು.
ತೊಟ್ಟಿಯನ್ನು ಅರ್ಧ ಗಂಟೆಯಲ್ಲಿ ಬದಲಾಯಿಸಿದರು.

ಜೊವೆಲಿನ್ ಬಲಗೈ ಮೇಲೆತ್ತಿದಳು.
ಎಲ್ಲರಿಗೂ ಕಾಣುವಂತೆ, ಸೀಟಿಯ ಹುಡುಗನಿಗೂ.
ಮೂರು ಬೆರಳು, ರಿಜೆಕ್ಟ್!
ಕೂಗಿದವಳೇ ಮೊದಲು ನಕ್ಕಳು.

ರಿಜೆಕ್ಟ್ ಎಲ್ಲಿಗೆ ಹೋಗುತ್ತದೆ ನಮಗೆ ಗೊತ್ತಿಲ್ಲವೇ?
ಹಡಗು ಹತ್ತುವುದಿಲ್ಲ ಅದು.
ಚೀಲಕ್ಕೆ ಹತ್ತು ಪೆಸೋ ಕೊಟ್ಟು ಮನೆಗೆ ತರುತ್ತೇವೆ,
ಹಣ್ಣಾಗಲು ಬಿಡುತ್ತೇವೆ,
ಸಕ್ಕರೆ ಸವರಿ ಎಣ್ಣೆಗೆ ಹಾಕಿ
ಮಕ್ಕಳ ಬಾಯಿಗೆ ಬಿಸಿಬಿಸಿ ಕೊಡುತ್ತೇವೆ.
ರಫ್ತಿನ ರುಚಿ ಹೇಗಿರುತ್ತದೋ ಯಾರು ಕಂಡವರು?

ನಂಗೂ ರಿಜೆಕ್ಟ್ ಬೇಕು, ಎಂದಳು ಮೆರ್ಲಿಟಾ,
ಅರವತ್ತೊಂದು ಮೆಟ್ಟಿಲನ್ನು ಮತ್ತೆ ಹತ್ತುತ್ತಾ.
ನಂಗೂ. ನಂಗೂ.
ಏಳು ಸಲವೋ ಎಂಟು ಸಲವೋ,
ಒದ್ದೆ ಅಂಗಿ ಪಟಪಟ ಬಡಿಯುತ್ತಾ ಹತ್ತಿದೆವು,
ಮೈಗೆ ಮೈಯೇ ತೊಟ್ಟಿಯಲ್ಲಿ ತೇಲಿತು.

ಐದಕ್ಕೆ ಹುಡುಗ ಪಂಪು ನಿಲ್ಲಿಸಿದ.
ನೀಲಿ ಕೊಳವೆಯ ಬಾಯಿಂದ ಕೊನೆಯ ನೀರು
ಸಣ್ಣಗೆ, ಮತ್ತೆ ಹನಿ ಹನಿ.
ಹತ್ತಿರ ಹೋಗಿ ನೋಡಿದರೆ ಬರೀ ಪ್ಲಾಸ್ಟಿಕ್ಕು,
ಜೋಡಿಸಿದಲ್ಲಿ ತುಕ್ಕು ಹಿಡಿದ ಬೋಲ್ಟು.

ಮರಳುವ ದೋಣಿಯಲ್ಲಿ ತಲೆಯ ಮೇಲೆ
ಗುಹೆಯಿಂದ ಹೊರಟ ಬಾವಲಿಗಳು,
ಯಾರದೋ ತೋಟದ ಹಣ್ಣಿಗೆ.
ನಾಳೆ ಮೊದಲ ಪಾಳಿ, ಐದಕ್ಕೆ ಬಸ್ಸು.
ಮಡಿಲಲ್ಲಿ ಕೈ ಬಿಚ್ಚಿ ಕೂತಿದ್ದೇವೆ,
ಒಟ್ಟು ಮೂವತ್ತೆಂಟು ಬೆರಳು,
ಎಲ್ಲವೂ ಸುಕ್ಕುಸುಕ್ಕು, ಎಂದಿನಂತೆ.
ಮೂಸಿ ನೋಡಿದೆ: ಉಪ್ಪು.