ಎಳೆ ಸಿಕ್ತಾ

ಹದಿನೈದು ದಿನಕ್ಕೊಂದು ಶುಕ್ರವಾರ, ಜುಮ್ಮಾ ಮುಗಿದ ಮೇಲೆ
ಕೈ ಒರೆಸಿಕೊಂಡು
ಶಿಡ್ಲಘಟ್ಟದ ಈ ನೂಲಿನ ಷೆಡ್ಡಿಂದ
ಬರ್ಮಾಕ್ಕೆ ಫೋನ್ ಮಾಡ್ತೀನಿ.

ದಿಲ್ಲಿ ಮೇಡಂ ಕಳಿಸಿದ ಫಾರಂ, ಎರಡು ಹಾಳೆ.
ಊಟ ಎಷ್ಟು ಹೊತ್ತು. ಸೂರು ಇದೆಯೇ.
ಯಾರಾದರೂ ಬಂದು ವಿಚಾರಿಸಿದರೇ, ಹೊಡೆದರೇ.
ಸ್ವಂತ ಇಚ್ಛೆಯಿಂದ ಮರಳಿದರೇ:
ಅದಕ್ಕೆ ಮೊದಲ ಸಲವೇ ಬರೆದೆ, ಇಲ್ಲ.
ಬೆಳಗಿನ ಜಾವ ವ್ಯಾನು ಬಂದಾಗ
ಏಳನೇ ಬೇಸಿನ್ನಲ್ಲಿ ಅವಳ ಗೂಡು ಕುದೀತಾ ಇತ್ತು.
ನಾನೇ ಬಿಚ್ಚಿ ಮುಗಿಸಿದೆ.
ಆ ನೂಲಿನ ಕೂಲಿ, ನೂರಾ ಎಂಬತ್ತು,
ಇನ್ನೂ ನನ್ನ ಡಬ್ಬಿಯಲ್ಲೇ ಇದೆ.

ಸೆತಾರಾಳ ಪಕ್ಕ ಯಾವಾಗಲೂ ಯಾರೋ ಕೂತಿರ್ತಾರೆ.
ಫೋನು ಅವರದು, ಸ್ಪೀಕರ್ ಒತ್ತೋ ಬೆರಳೂ ಅವರದೇ.
ಉರ್ದು ಬರುತ್ತೆ ಅವರಿಗೆ.
ಆರು ವರ್ಷ ಬಿಸಿನೀರಲ್ಲಿ ಕೈಯಿಟ್ಟು ಕಲಿತ
ನಮ್ಮೂರ ಕನ್ನಡ ಬರಲ್ಲ.
ಇದೇನು ಭಾಷೆ ಅಂದರೆ
ಮಾಲೀಕರ ಬಾಕಿ ಲೆಕ್ಕ ಅಂತಾಳೆ.

"ಎಳೆ ಸಿಕ್ತಾ?"
"ಸಿಕ್ತು ಅಕ್ಕಾ. ಕಡೀತಾ ಐತೆ."
ಬರೀತೀನಿ: ಊಟ, ಒಂದು ಹೊತ್ತು.
"ಜೋಡಿ ಗೂಡು?" ಅಂದರೆ ಮಕ್ಕಳಿಬ್ಬರು.
"ಒಂದು ಬುಟ್ಟೀಲೈತೆ.
ಒಂದನ್ನ ತೂಕಕ್ಕೆ ತಗೊಂಡೋದ್ರು."

ತೂಕಕ್ಕೆ ಹೋದ ಗೂಡು ವಾಪಸು ಬರಲ್ಲ,
ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಹುಟ್ಟಿದವಳು ನಾನು.
ದೊಡ್ಡವನಾ ಚಿಕ್ಕವನಾ, ಕೇಳೋಕೆ ಮಾತೇ ಇರಲಿಲ್ಲ ನಮ್ಮ ಲೆಕ್ಕದಲ್ಲಿ.

ಮೇಡಂ ಅಂತಾರೆ,
ಇದು ಅವರ ಮಾತೋ ನಿಮ್ಮ ಊಹೆಯೋ, ಖೈರುನ್ನೀಸಾ?
ಊಹೆ ಅಂದ್ರೇನು ಮೇಡಂ,
ಕುದಿಯೋ ನೀರಲ್ಲಿ ಕಣ್ಣಿಗೆ ಕಾಣದ ತುದೀನ
ಬೆರಳಲ್ಲಿ ಎತ್ತೋದೇ ನನ್ನ ಕೆಲಸ.
ಇಪ್ಪತ್ತೆರಡು ವರ್ಷ. ಬೆರಳಚ್ಚು ಬೀಳಲ್ಲ,
ರೇಷನ್ ಅಂಗಡೀಲಿ ಮಿಷನ್ನು ನನ್ನ ಒಪ್ಪಲ್ಲ.

ಹೋದ ಶುಕ್ರವಾರ ಎತ್ತಿದ್ದು ಗಂಡು ದನಿ.
ಚೊಕ್ಕ ಉರ್ದು: ಎಲ್ಲಾ ಕ್ಷೇಮ.
ಅಕ್ಕಿ ಕೊಟ್ಟಿದ್ದೇವೆ, ಮನೆ ಕೊಟ್ಟಿದ್ದೇವೆ, ಖುಷಿಯಾಗಿದ್ದಾಳೆ.
ಕೊಟ್ಟಿದ್ದೇವೆ ಅಂದ.
ನೀನ್ಯಾರಪ್ಪಾ ಅಂತ ಕೇಳೋಕೆ ಫಾರಮಿನಲ್ಲಿ ಖಾನೆ ಇಲ್ಲ.
ಹಿಂದೆಲ್ಲೋ ಪಾತ್ರೆ ತೊಳೆಯೋ ಸದ್ದು,
ಅದರೊಳಗೆ, ಮಗೂಗೆ ಹೇಳೋ ಹಾಗೆ, ಕನ್ನಡದಲ್ಲಿ,
"ನೀರು ಆರೋಯ್ತು, ನೀರು ಆರೋಯ್ತು."

ಕ್ಷೇಮದ ಖಾನೆಯಲ್ಲಿ ಅವನ ಮಾತು ಬರೀಲಿಲ್ಲ.
ಬರೆದದ್ದು ಇಷ್ಟೇ: ನೀರು ಆರಿದೆ.
ದಿಲ್ಲೀಲಿ ಯಾರಿಗೂ ತಿಳಿಯಲ್ಲ, ಗೊತ್ತು.
ಅದಕ್ಕೇ ಕೆಳಗೆ ನನ್ನ ನಂಬರು, ಷೆಡ್ಡಿನ ವಿಳಾಸ,
ಬೇಸಿನ್ ಏಳು.
ಬಂದು ಕೈಯಿಟ್ಟು ನೋಡಲಿ.